ಐದೂವರೆಗೆ ಬಂದ ಹೆಸರು

ನೆನೆದ ತಾಡಪಾಲು, ಡೀಸೆಲ್ ಹೊಗೆ, ಜಜ್ಜಿದ ಶುಂಠಿ. ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದರೆ ಈಗಲೂ ನನ್ನ ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ಹೋದ ಆಷಾಢದಲ್ಲಿ ಗೆಳತಿಯೊಬ್ಬಳ ಜೊತೆ ಪಂಢರಪುರಕ್ಕೆ ಹೋಗುವ ಪಾಲಖಿ ಮೆರವಣಿಗೆ ನೋಡಲು ಪುಣೆಯ ಹತ್ತಿರದ ಸಾಸವಡಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಬೇಗ ಎಚ್ಚರವಾಯಿತು. ಅವಳನ್ನು ಮಲಗಲು ಬಿಟ್ಟು, ಚಹಾ ಕುಡಿಯುವ ನೆಪ ಮಾಡಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ. ನೆಪ ಎನ್ನುವುದು ನನಗೇ ಗೊತ್ತಿತ್ತು. ಚಹಾ ಅಂಗಡಿ ಅದೇ, ಮುಂದೆ ಕಟ್ಟಿದ ನೀಲಿ ತಾಡಪಾಲು ಮಾತ್ರ ಹೊಸದು. ಐದಕ್ಕೆ ಇನ್ನೂ ಐದು ನಿಮಿಷವಿತ್ತು. ಚಾಕಣಕ್ಕೆ ಹೋಗುವ ಕಾರ್ಖಾನೆಯ ಬಸ್ಸು ಬರುವ ಹೊತ್ತು.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ ನಾನು ಇದೇ ಬಸ್ಸಿಗೆ ಸೀಟಿನ ಪಟ್ಟಿ ಮಾಡುವ ಕೆಲಸದಲ್ಲಿದ್ದೆ. ಮಾರ್ಚಿನಲ್ಲಿ ಮಳವಳ್ಳಿಯಿಂದ ಪುಣೆಗೆ ಬಂದು ಇಳಿದಿದ್ದವಳು, ಕೊಂಢವಾದಲ್ಲಿ ಬೇಕರಿಯೊಂದರ ಮೇಲಿದ್ದ ಏಳು ಜನರ ಪುಟ್ಟ ಕಂಪನಿ ಸೇರಿದ್ದೆ. ರೂಬಿ ಎನ್ನುವ ಭಾಷೆಯಲ್ಲಿ ವೆಬ್ ಆ್ಯಪ್ ಬರೆಯುವುದು ನಮ್ಮ ಕಸುಬು. ರೂಬಿಯ ಸುಖವೇ ಬೇರೆ. ನಾಳೆ, ನಿನ್ನೆ, ಮೂರು ದಿನದ ಹಿಂದೆ ಎಂದು ಮಾತಾಡುವ ಹಾಗೆಯೇ ಬರೆದರೂ ಅದಕ್ಕೆ ತಿಳಿಯುತ್ತದೆ. ಇಷ್ಟು ಸಲೀಸಾದ ಭಾಷೆಯಲ್ಲಿ ತಪ್ಪೂ ಅಷ್ಟೇ ಸಲೀಸಾಗಿ ನುಸುಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆರು ತಿಂಗಳು ಪ್ರೊಬೇಷನ್. ಅದು ಮುಗಿದು ಕೆಲಸ ಖಾಯಂ ಆಗದಿದ್ದರೆ ಮತ್ತೆ ಊರಿನ ಬಸ್ಸು ಹತ್ತಬೇಕಿತ್ತು.

ಚಾಕಣದಲ್ಲಿ ಕಾರುಗಳಿಗೆ ವೈರಿನ ಕಟ್ಟು ಜೋಡಿಸುವ ಒಂದು ಕಾರ್ಖಾನೆ. ಅದರ ಮೊದಲ ಪಾಳಿಯ ಬಸ್ಸು ಬೆಳಿಗ್ಗೆ ಐದಕ್ಕೆ ಸಾಸವಡದಿಂದ ಹೊರಟು, ಬೋಪದೇವ ಘಾಟು ಇಳಿದು, ಐದೂ ಮುಕ್ಕಾಲಿಗೆ ನಮ್ಮ ಕೊಂಢವಾ ದಾಟಿ ಹೋಗುತ್ತಿತ್ತು. ಖಾಯಂ ಕೆಲಸದವರಿಗೆ ಕಾರ್ಡು ಇತ್ತು, ತೋರಿಸಿ ಹತ್ತಿದರೆ ಮುಗಿಯಿತು. ಬದಲಿಯವರು ಹಾಗಲ್ಲ. ಯಾರಾದರೂ ರಜೆ ಹಾಕಿದ ದಿನ ಮಾತ್ರ ಅವರಿಗೆ ಕರೆ. ಹಿಂದಿನ ಮಧ್ಯಾಹ್ನ ಸಂದೇಶ ಬಂದಾಗ ಅವರು ನಮ್ಮ ಆ್ಯಪಿನಲ್ಲಿ ಮರುದಿನದ ಸೀಟು ಹಿಡಿಯಬೇಕು. ಬೆಳಿಗ್ಗೆ ಡ್ರೈವರನ ಕೈಯ ಟ್ಯಾಬಿನಲ್ಲಿ ಅಂದಿನ ಪಟ್ಟಿ ಕಾಣಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಹತ್ತಿಸುವಂತಿಲ್ಲ. ಆ ಪಟ್ಟಿ ತೋರಿಸುವ ಭಾಗ ಬರೆದವಳು ನಾನು.

ಬರೆದದ್ದನ್ನು ಪರೀಕ್ಷಿಸುವವರು ಗಿರಿಜಕ್ಕ. ಧಾರವಾಡದವರು, ಮದುವೆಯಾಗಿ ಬಂದು ಪುಣೆಯಲ್ಲೇ ಇಪ್ಪತ್ತು ವರ್ಷ ಕಳೆದವರು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿಕೊಳ್ಳುತ್ತಿದ್ದರು: ಏನು ಮಾಡಿದೆ, ಯಾವ ಫೋನಿನಲ್ಲಿ, ಏನು ಕಂಡಿತು, ಎಷ್ಟು ಗಂಟೆಗೆ. ನನಗೆ ಒಳಗೊಳಗೇ ನಗು. ನಾನು ಟೆಸ್ಟುಗಳನ್ನೂ ರೂಬಿಯಲ್ಲೇ ಬರೆಯುವವಳು. ಒಂದು ಗುಂಡಿ ಒತ್ತಿದರೆ ಮುನ್ನೂರು ಟೆಸ್ಟು ಓಡಿ, ಸರಿಯಿದ್ದದ್ದು ಹಸಿರು, ತಪ್ಪಿದ್ದು ಕೆಂಪು ಎಂದು ಬಂದು ನಿಲ್ಲುತ್ತಿತ್ತು.

"ಅಕ್ಕ, ಟೈಮ್ ಎಲ್ಲ ಯಾಕೆ ಬರೀತೀರಾ? ಬೆಳಿಗ್ಗೆ ವರ್ಕ್ ಆಗಿದ್ದು ಸಂಜೆನೂ ಆಗುತ್ತೆ ತಾನೇ?" ಎಂದು ಒಮ್ಮೆ ಕೇಳಿದ್ದೆ.

"ಗೊತ್ತಿಲ್ಲವ್ವಾ. ಗೊತ್ತಿಲ್ಲಂತನ ಬರಿತೀನಿ," ಎಂದು ಅವರು ಚಹಾದ ಕಪ್ಪನ್ನು ಅದೇ ನೋಟ್‌ಬುಕ್ಕಿನ ಮೇಲಿಟ್ಟರು.

ಜೂನಿನಲ್ಲಿ ಮಳೆ ಹಿಡಿಯಿತು, ನನ್ನ ತಲೆ ಕೆಡುವುದೂ ಆಗಲೇ ಶುರುವಾಯಿತು. ನಮ್ಮ ಟೆಸ್ಟುಗಳು ದಿನಕ್ಕೊಮ್ಮೆ ಸರ್ವರಿನಲ್ಲಿ ತಾವಾಗಿಯೇ ಓಡುವಂತೆ ನನಗಿಂತ ಮೊದಲಿದ್ದ ಯಾರೋ ಏರ್ಪಾಡು ಮಾಡಿ ಹೋಗಿದ್ದರು. ರಾತ್ರಿ ಹನ್ನೊಂದೂವರೆಗೆ ಎಂದು ಬರೆದಿತ್ತು. ಆದರೆ ಅದರ ಇಮೇಲ್ ಬರುತ್ತಿದ್ದುದು ಬೆಳಿಗ್ಗೆ ಐದಕ್ಕೆ. ಯಾಕೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಆ ಇಮೇಲಿನಲ್ಲಿ ದಿನಾ ಒಂದು ಕೆಂಪು. ಇಂದಿಗೆ ಸೀಟು ಹಿಡಿದವರ ಹೆಸರು ಇಂದಿನ ಪಟ್ಟಿಯಲ್ಲಿರಬೇಕು ಎಂಬ ಟೆಸ್ಟು, ನಾನೇ ಬರೆದದ್ದು. ಹತ್ತೂವರೆಗೆ ಆಫೀಸಿಗೆ ಬಂದು ಮತ್ತೆ ಓಡಿಸಿದರೆ ಹಸಿರು. ನನ್ನ ಲ್ಯಾಪ್‌ಟಾಪಿನಲ್ಲಂತೂ ಯಾವಾಗಲೂ ಹಸಿರು.

ನಾನೇನು ಸುಮ್ಮನೆ ಕೂರಲಿಲ್ಲ. ಕಲಿತದ್ದನ್ನೆಲ್ಲ ಮಾಡಿ ನೋಡಿದೆ. ಅದೊಂದನ್ನೇ ಬೇರೆಯಾಗಿ ಓಡಿಸಿದೆ. ಎಲ್ಲವನ್ನೂ ಹಿಂದುಮುಂದು ಮಾಡಿ ಓಡಿಸಿದೆ, ಏಕೆಂದರೆ ಒಂದು ಟೆಸ್ಟು ಬಿಟ್ಟುಹೋದ ಕಸ ಇನ್ನೊಂದರ ಕಾಲಿಗೆ ತೊಡರುವುದುಂಟು. ಪ್ರತಿ ಟೆಸ್ಟಿನ ಮುಂಚೆ ಡೇಟಾಬೇಸು ತೊಳೆದಿಟ್ಟೆ. ಎಲ್ಲ ಹಸಿರು. ಮರುದಿನ ಬೆಳಿಗ್ಗೆ ಐದಕ್ಕೆ ಮತ್ತೆ ಕೆಂಪು. ಒಮ್ಮೊಮ್ಮೆ ನನಗೇ ಭ್ರಮೆಯೇನೋ ಎನಿಸಿ, ಹಳೆಯ ಇಮೇಲು ತೆರೆದು ಕೆಂಪು ಅಕ್ಷರವನ್ನು ದಿಟ್ಟಿಸಿ ನೋಡುತ್ತಿದ್ದೆ.

"ರೀರನ್ ಮಾಡು, ಹಸಿರಾಗುತ್ತೆ. ಅದು ಯಾವಾಗಲೂ ಹಾಗೇ," ಎಂದರು ಜೋಶಿ ಸರ್. ಕಂಪನಿ ಅವರದು. ನಮ್ಮಲ್ಲಿ ಅದೊಂದು ಪದ್ಧತಿಯೇ ಆಗಿತ್ತು. ಕೆಂಪು ಬಂದರೆ ಇನ್ನೊಮ್ಮೆ ಓಡಿಸು, ಹಸಿರು ಬಂದ ಕೂಡಲೇ ಕೈ ತೊಳೆದುಕೋ.

ಜೂನ್ ಮೂರನೇ ವಾರ ಕಾರ್ಖಾನೆಯವರು ಬರುವವರಿದ್ದರು. ಅವರೆದುರು ಎಲ್ಲ ಹಸಿರಾಗಿರಬೇಕು ಎಂದು ಸರ್ ಅಂದರು, ನನ್ನ ಪ್ರೊಬೇಷನ್ನಿನ ಮಾತನ್ನೂ ಎತ್ತಿದರು. ನಾನು ಆ ಟೆಸ್ಟಿನ ಮುಂದೆ 'ಸ್ಕಿಪ್' ಎಂದು ಒಂದು ಪದ ಬರೆದೆ. ಇದನ್ನು ಬಿಟ್ಟು ಮುಂದೆ ಹೋಗು ಎಂದು ಅರ್ಥ. ಯಾಕೆ ಬಿಟ್ಟೆ, ಯಾವತ್ತಿಗೆ ಮತ್ತೆ ನೋಡುತ್ತೇನೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆದಿಡಬೇಕಿತ್ತು. ಬರೆಯಲಿಲ್ಲ. ಮರುದಿನದ ಇಮೇಲಿನಲ್ಲಿ ಕೆಂಪು ಇರಲಿಲ್ಲ. ಆ ದಿನ ಬೇಕರಿಯಿಂದ ಎಲ್ಲರಿಗೂ ಕ್ರೀಮ್ ರೋಲು ತರಿಸಿದವಳು ನಾನೇ.

ಅಷ್ಟರಲ್ಲಿ ಪಾಲಖಿ ಬಂತು. ಚಾಕಣದ ಕಾರ್ಖಾನೆಗಳಲ್ಲಿ ಆಗ ರಜೆಯೋ ರಜೆ. ಅರ್ಧ ಜನ ಪಂಢರಪುರಕ್ಕೆ ನಡೆದುಹೊರಟಿರುತ್ತಾರೆ. ಬದಲಿಯವರಿಗೆ ಅದೇ ಸುಗ್ಗಿ. ಆ ವರ್ಷ ಇನ್ನೊಂದು ಮಾತೂ ಇತ್ತು: ಈ ದಿನಗಳಲ್ಲಿ ತಪ್ಪದೆ ಬಂದ ಬದಲಿಯವರಲ್ಲಿ ಕೆಲವರನ್ನು ಖಾಯಂ ಮಾಡುತ್ತಾರೆ. ಮೂರು ಸಲ ಸೀಟು ಹಿಡಿದು ಬಾರದವರ ಹೆಸರು ಹೊಡೆದುಹಾಕುತ್ತಾರೆ.

ಸಾಸವಡದ ನಿಲ್ದಾಣದಲ್ಲಿ ಹತ್ತುವ ಬದಲಿಯವರು ಒಬ್ಬರೇ, ಸುನಂದಾತಾಯಿ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ನಲವತ್ತರ ಆಸುಪಾಸಿನ ಹೆಂಗಸು, ಆರು ವರ್ಷದಿಂದ ಬದಲಿ. ಅವರ ದೂರು ಕಾರ್ಖಾನೆಯಿಂದ ನಮಗೆ ಬಂತು. ಸೀಟು ಹಿಡಿದಿದ್ದೆ, ಬಸ್ಸಿಗೆ ಬಂದೆ, ಹೆಸರಿಲ್ಲವೆಂದು ಇಳಿಸಿದರು, ಮೂರು ಸಲ ಹೀಗೇ ಆಯಿತು ಎಂದು. ಎರಡೆರಡು ಸಿಟಿ ಬಸ್ಸು ಬದಲಿಸಿ ಚಾಕಣ ಮುಟ್ಟುವಷ್ಟರಲ್ಲಿ ಗೇಟು ಹಾಕಿರುತ್ತಿತ್ತಂತೆ.

ನಾನು ಬೆಳಿಗ್ಗೆ ಹನ್ನೊಂದಕ್ಕೆ ಚಹಾ ಮುಗಿಸಿ ದಾಖಲೆ ತೆರೆದೆ. ಮೂರು ದಿನವೂ ಸೀಟು ಹಿಡಿದದ್ದು ಇದೆ. ಪಟ್ಟಿಯಲ್ಲಿ ಹೆಸರಿದೆ. ಹೆಸರಿನ ಮುಂದೆ ಡ್ರೈವರ್ ಒತ್ತಿದ 'ಬರಲಿಲ್ಲ' ಎಂಬ ಗುರುತೂ ಇದೆ. ಇದಕ್ಕಿಂತ ಇನ್ನೇನು ಬೇಕು? ಪರದೆಯ ಚಿತ್ರ ತೆಗೆದು ಜೋಶಿ ಸರ್‌ಗೆ ಕೊಟ್ಟೆ, ಅವರು ಕಾರ್ಖಾನೆಗೆ ಕಳಿಸಿದರು. ಸುನಂದಾತಾಯಿ ತಡವಾಗಿ ಎದ್ದು ಕಥೆ ಕಟ್ಟುತ್ತಿದ್ದಾರೆ ಎಂದು ತೀರ್ಮಾನವಾಯಿತು. ಬದಲಿಯವರ ಪಟ್ಟಿಯಿಂದ ಅವರ ಹೆಸರು ಹೋಯಿತು.

ಗಿರಿಜಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ. ಅವರು ಡ್ರೈವರಿಗೇ ಫೋನು ಮಾಡಿದರು. ಮರಾಠಿಯಲ್ಲಿ ಅರ್ಧ ಗಂಟೆ ಮಾತಾಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ನನ್ನ ಮೇಜಿಗೆ ಬಂದರು.

"ರೂಪಾ, ಡ್ರೈವರ್ ಏನಂತಾನ ಕೇಳು. ಆ ಹೆಣ್ಣಮಗಳು ಬಂದ ದಿನ ಹೆಸರು ಇರೂದಿಲ್ಲಂತ. ಹೆಸರು ಇದ್ದ ದಿನ ಆಕಿ ಬರೂದಿಲ್ಲಂತ."

ನಾನು ನಕ್ಕೆ. "ಅವನಿಗೂ ಕನ್ಫ್ಯೂಸ್ ಆಗಿದೆ ಬಿಡಿ ಅಕ್ಕ."

"ನಗಬ್ಯಾಡ. ಬಸ್ಸು ಐದಕ್ಕ ಹೋಗ್ತದ. ನಾವು ಹನ್ನೊಂದಕ್ಕ ಕುಂತು ಟೆಸ್ಟ್ ಮಾಡಾಕತ್ತೀವಿ. ಈ ನೋಟ್‌ಬುಕ್ಕಿನ್ಯಾಗ ಐದು ಗಂಟೆದ್ದು ಒಂದಾರ ಸಾಲು ಅದ ಏನು, ತೋರ್ಸು?"

ನೋಟ್‌ಬುಕ್ಕು ತಿರುವಿದೆ. ಒಂದೂ ಇರಲಿಲ್ಲ. ಹತ್ತೂವರೆ, ಹನ್ನೊಂದು, ಮೂರು, ಐದೂವರೆ. ಆ ಐದೂವರೆಯೂ ಸಂಜೆಯದು.

ಗಿರಿಜಕ್ಕ ತಮ್ಮ ಹೆಸರನ್ನೇ ಬದಲಿಯವರಲ್ಲಿ ಸೇರಿಸಿಕೊಂಡು ಶುಕ್ರವಾರದ ಸೀಟು ಹಿಡಿದರು. ಗುರುವಾರ ಸಂಜೆಯೇ ಇಬ್ಬರೂ ಸಾಸವಡಕ್ಕೆ ಹೋಗಿ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಿ ಉಳಿದೆವು. ಗುರುವಾರ ಅಕ್ಕನಿಗೆ ಉಪವಾಸ, ಸಾಬುದಾಣೆ ಖಿಚಡಿ ಹುಡುಕಿಕೊಂಡು ಮಳೆಯಲ್ಲಿ ಬಜಾರೆಲ್ಲ ಸುತ್ತಿದೆವು. ಟೆಸ್ಟು ಮಾಡಲು ಹೀಗೆ ಗಂಟುಮೂಟೆ ಕಟ್ಟಿಕೊಂಡು ಬಂದವರು ಪುಣೆಯಲ್ಲಿ ನಾವಿಬ್ಬರೇ ಇರಬೇಕು ಎಂದು ನಾನು ತಮಾಷೆ ಮಾಡಿದೆ. ಬೆಳಿಗ್ಗೆ ಐದಕ್ಕೆ ಈ ಚಹಾ ಅಂಗಡಿಯ ತಾಡಪಾಲಿನ ಕೆಳಗೆ ನಿಂತಾಗ ಅಲ್ಲಿ ಇನ್ನೊಬ್ಬರಿದ್ದರು. ಹಸಿರು ರೇನ್‌ಕೋಟು, ಕೈಯಲ್ಲಿ ಸ್ಟೀಲಿನ ಡಬ್ಬಿ. ಗಿರಿಜಕ್ಕ ಫೋನು ಮಾಡಿ ಕರೆಸಿದ್ದ ಸುನಂದಾತಾಯಿ. ಅವತ್ತು ಅವರಿಗೆ ಕೆಲಸವಿರಲಿಲ್ಲ, ಆದರೂ ಅಭ್ಯಾಸಬಲದಿಂದ ಡಬ್ಬಿ ಕಟ್ಟಿಕೊಂಡು ಬಂದಿದ್ದರು.

ಬಸ್ಸು ಬಂತು. ಗಿರಿಜಕ್ಕ ಮೆಟ್ಟಿಲು ಹತ್ತಿ ಹೆಸರು ಹೇಳಿದರು. ಡ್ರೈವರ್ ಟ್ಯಾಬು ಮೇಲೆ ಕೆಳಗೆ ಸರಿಸಿ ನೋಡಿ ತಲೆಯಾಡಿಸಿದ. "ಯಾದೀತ ನಾವ ನಾಹೀ." ಪಟ್ಟಿಯಲ್ಲಿ ಹೆಸರಿಲ್ಲ. ಅಕ್ಕ ವಾದ ಮಾಡದೆ ಇಳಿದು ನೋಟ್‌ಬುಕ್ಕಿನಲ್ಲಿ ಬರೆದರು: ಐದು ಗಂಟೆ ಏಳು ನಿಮಿಷ, ಹೆಸರಿಲ್ಲ. ಬಸ್ಸು ಹೋಯಿತು.

ನಾನು ನನ್ನ ಫೋನಿನಲ್ಲಿ ಅದೇ ಪಟ್ಟಿ ತೆರೆದೆ. ಹೆಸರಿಲ್ಲ. ಮತ್ತೆ ತೆರೆದೆ. ಇಲ್ಲ. ರಾತ್ರಿ ಮಲಗುವ ಮುಂಚೆ ಶುಕ್ರವಾರದ ಪುಟದಲ್ಲಿ ಅಕ್ಕನ ಹೆಸರನ್ನು ನನ್ನ ಕಣ್ಣಾರೆ ನೋಡಿದ್ದೆ. ಅದು ಎಲ್ಲಿಗೆ ಹೋಯಿತು, ಯಾರು ಅಳಿಸಿದರು, ಒಂದೂ ತಿಳಿಯದೆ ಚಹಾದ ಮೇಲೆ ಚಹಾ ಕುಡಿಯುತ್ತ ಪುಟ ತೆರೆಯುತ್ತಲೇ ಇದ್ದೆ. ಮೂವರೂ ನನ್ನ ಫೋನಿನ ಮೇಲೆ ಬಾಗಿದ್ದೆವು. ಐದು ಇಪ್ಪತ್ತೊಂಬತ್ತಕ್ಕೂ ಇಲ್ಲ. ಐದೂವರೆಗೆ ಮತ್ತೊಮ್ಮೆ ತೆರೆದೆ. ಗಿರಿಜಾ, ಸಾಸವಡ.

"ಆತಾ ಆಲಂ," ಎಂದರು ಸುನಂದಾತಾಯಿ. ಈಗ ಬಂತು. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಸುಮ್ಮನೆ ನೋಡಿದ್ದನ್ನು ಹೇಳಿದರು ಅಷ್ಟೆ.

ಐದೂವರೆ ಎಂಬ ಅಂಕಿ ನೋಡಿದ ಮೇಲೆ ತಿಳಿಯದಿರಲು ಸಾಧ್ಯವೇ ಇರಲಿಲ್ಲ. ನಮ್ಮ ಸರ್ವರಿನ ಗಡಿಯಾರ ಭಾರತದ್ದಲ್ಲ. ಲೋಕಕ್ಕೆಲ್ಲ ಒಂದೇ ಎಂದು ಇಟ್ಟುಕೊಂಡ ಗಡಿಯಾರ ಅದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಸಾಸವಡದಲ್ಲಿ ಶುಕ್ರವಾರ ಬೆಳಿಗ್ಗೆ ಐದಾದಾಗ ಅಲ್ಲಿ ಇನ್ನೂ ಗುರುವಾರ ರಾತ್ರಿ ಹನ್ನೊಂದೂವರೆ. ನನ್ನ ಲ್ಯಾಪ್‌ಟಾಪಿನ ಗಡಿಯಾರ ಮಾತ್ರ ಇಲ್ಲಿಯದೇ, ಅದಕ್ಕೇ ಅದರಲ್ಲಿ ಯಾವಾಗಲೂ ಹಸಿರು. ರೂಬಿಯಲ್ಲಿ ಇವತ್ತಿನ ದಿನಾಂಕ ಕೇಳಲು ಎರಡು ದಾರಿ. 'ಡೇಟ್ ಟುಡೇ' ಎಂದರೆ ಯಂತ್ರದ ಗಡಿಯಾರ ನೋಡಿ ಹೇಳುತ್ತದೆ, 'ಡೇಟ್ ಕರೆಂಟ್' ಎಂದರೆ ನಾವು ಹೇಳಿಕೊಟ್ಟ ಊರಿನ ಗಡಿಯಾರ ನೋಡಿ. ಸೀಟು ಹಿಡಿಯುವಲ್ಲಿ ಊರಿನ ಗಡಿಯಾರವಿತ್ತು, ಪಟ್ಟಿ ತೋರಿಸುವಲ್ಲಿ ನಾನು ಯಂತ್ರದ್ದನ್ನು ಬರೆದಿದ್ದೆ. ಹಗಲೆಲ್ಲ ಎರಡೂ ಒಂದೇ ದಿನಾಂಕ ಕೊಡುತ್ತವೆ. ಬೆಳಿಗ್ಗೆ ಐದೂವರೆಯ ಮುಂಚೆ ಮಾತ್ರ ಬೇರೆ ಬೇರೆ. ಹಾಗಾಗಿ ಸಾಸವಡದಲ್ಲಿ ಡ್ರೈವರಿಗೆ ಕಾಣುತ್ತಿದ್ದುದು ನಿನ್ನೆಯ ಪಟ್ಟಿ. ಸುನಂದಾತಾಯಿ ಬಂದ ದಿನ ಅವರ ಹೆಸರಿಲ್ಲ. ಮರುದಿನ ಹೆಸರಿದೆ, ಅವರಿಲ್ಲ. ಡ್ರೈವರ್ ಪ್ರಾಮಾಣಿಕವಾಗಿಯೇ 'ಬರಲಿಲ್ಲ' ಎಂದು ಒತ್ತಿದ್ದ. ಕೊಂಢವಾದಲ್ಲಿ ಹತ್ತುವ ಬದಲಿಯವರಿಗೆ ತೊಂದರೆಯೇ ಆಗಲಿಲ್ಲ, ಅಷ್ಟು ಹೊತ್ತಿಗೆ ಎರಡು ಗಡಿಯಾರಗಳ ದಿನಾಂಕವೂ ಒಂದಾಗಿರುತ್ತಿತ್ತು.

ಆ ಕೆಂಪು ಟೆಸ್ಟು ದಿನಾ ಬೆಳಿಗ್ಗೆ ಐದಕ್ಕೆ ನನಗೆ ಹೇಳುತ್ತಿದ್ದುದು ಇದನ್ನೇ. ನಾನು ಅದರ ಬಾಯಿ ಮುಚ್ಚಿಸಿದ್ದೆ. ಆ ತಾಡಪಾಲಿನ ಕೆಳಗೇ ನನಗೆ ಅಳು ಬಂತು. ನಾಚಿಕೆ ಎಷ್ಟಾಗಿತ್ತೆಂದರೆ, ಸುನಂದಾತಾಯಿಯ ಮುಖ ನೋಡಲಾರದೆ ಅವರ ಡಬ್ಬಿಯನ್ನೇ ನೋಡುತ್ತಿದ್ದೆ. ಗಿರಿಜಕ್ಕ ಅವರಿಗೆ ಮರಾಠಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು, ನನ್ನ ಸ್ಕಿಪ್ಪಿನ ಸಂಗತಿಯನ್ನೂ ನಾನು ಹೇಳಿದ ಹಾಗೆಯೇ ಹೇಳಿದರು. ಸುನಂದಾತಾಯಿ ಮರಾಠಿಯಲ್ಲೇ ಏನೋ ಕೇಳಿದರು.

"ಏನಂತಾರೆ ಅಕ್ಕ?"

"ಬಸ್ಸಿನ್ಯಾಗ ಎಲ್ಲಾರ ಎದುರಿಗೆ ನನ್ನ ಸುಳ್ಳಬುರಕಿ ಅಂದಾರ, ಬಸ್ಸಿನ್ಯಾಗನ ಬಂದು ಹೇಳ್ತಾಳೇನು ಈ ಹುಡುಗಿ, ಅಂತ ಕೇಳಾಕತ್ತಾರ."

ಕೊಂಢವಾಕ್ಕೆ ಮರಳಿದ ಕೂಡಲೇ ತಿದ್ದಲು ಕೂತೆ. ಗಿರಿಜಕ್ಕ ಕೈ ಹಿಡಿದು ನಿಲ್ಲಿಸಿದರು. "ಮೊದಲ ಟೆಸ್ಟ್ ಬರಿ. ಅದು ಕೆಂಪಾಗೂದು ನೋಡು. ಆಮ್ಯಾಲೆ ತಿದ್ದು. ಕೆಂಪು ನೋಡಲಾರದ ಹಸಿರು ನಂಬಬ್ಯಾಡ." ಸ್ಕಿಪ್ ತೆಗೆದೆ. ಟೆಸ್ಟಿನೊಳಗಿನ ಗಡಿಯಾರವನ್ನು ಬೆಳಿಗ್ಗೆ ಐದು ಗಂಟೆ ಐದು ನಿಮಿಷಕ್ಕೆ ನಿಲ್ಲಿಸಿದೆ, ರೂಬಿಯಲ್ಲಿ ಅದಕ್ಕೆ ಒಂದೇ ಸಾಲು ಸಾಕು. ಸರ್ವರಿನಲ್ಲಿ ಓಡಿಸಿದೆ. ಹಗಲು ಹನ್ನೆರಡಕ್ಕೆ ಮೊಟ್ಟಮೊದಲ ಬಾರಿ ಕೆಂಪು ಬಂತು, ಮತ್ತೆ ಮತ್ತೆ ಓಡಿಸಿದರೂ ಕೆಂಪು. ಆಮೇಲೆ ಒಂದೇ ಒಂದು ಪದ ಬದಲಿಸಿದೆ. ಹಸಿರು. ಮೂರು ವಾರ ತಲೆ ಕೆಡಿಸಿದ್ದು ಇಷ್ಟೇನಾ ಎಂದು ನಂಬಲಾಗಲಿಲ್ಲ.

ಜೋಶಿ ಸರ್‌ಗೆ ಎಲ್ಲ ಹೇಳಿದೆ. ತಪ್ಪು ನನ್ನದು, ಟೆಸ್ಟು ಹೇಳಿತ್ತು, ನಾನು ಬಿಟ್ಟೆ ಎಂದು. ಅವರು ಕೇಳಿಸಿಕೊಂಡು, "ಗುಡ್ ಕ್ಯಾಚ್. ಆದರೆ ಸ್ಕಿಪ್ ಮಾಡಿದ್ದನ್ನ ಇಮೇಲಲ್ಲಿ ಬರೀಬೇಡ. ತಾಂತ್ರಿಕ ಕಾರಣ ಅಂದ್ರೆ ಸಾಕು," ಎಂದರು. ಇಮೇಲು ಹಾಗೆಯೇ ಹೋಯಿತು. ಕಾರ್ಖಾನೆಯವರು ಸುನಂದಾತಾಯಿಯ ಹೆಸರನ್ನು ಬದಲಿಯವರ ಪಟ್ಟಿಗೆ ಮರಳಿ ಸೇರಿಸಿದರು. ಖಾಯಂ ಮಾಡುವವರ ಪಟ್ಟಿ ಮಾತ್ರ ಆಗಲೇ ಮೇಲೆ ಹೋಗಿತ್ತು, ಅದನ್ನು ತೆರೆಯಲಾಗುವುದಿಲ್ಲ, ಮುಂದಿನ ಸಲ ನೋಡೋಣ ಎಂದರು.

ಮುಂದಿನ ಬುಧವಾರ ಸುನಂದಾತಾಯಿಗೆ ಕರೆ ಬಂತು. ನಾನೂ ಗಿರಿಜಕ್ಕನೂ ಮತ್ತೆ ಆ ಲಾಡ್ಜಿನಲ್ಲಿ ಉಳಿದು, ಐದಕ್ಕೆ ಮೊದಲೇ ನಿಲ್ದಾಣದಲ್ಲಿ ನಿಂತೆವು. ಈ ಸಲ ಟ್ಯಾಬಿನಲ್ಲಿ ಹೆಸರಿತ್ತು. ಡ್ರೈವರ್ ಹತ್ತಿ ಎಂದು ಕೈಸನ್ನೆ ಮಾಡಿದ. ಸುನಂದಾತಾಯಿ ಹತ್ತಲಿಲ್ಲ, ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

ಒಳಗೆ ಇಪ್ಪತ್ತೈದು ಮೂವತ್ತು ಜನ, ನಿದ್ದೆಗಣ್ಣು, ಒದ್ದೆ ರೇನ್‌ಕೋಟು. ರಾತ್ರಿಯೆಲ್ಲ ಗಿರಿಜಕ್ಕನಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದ ಮರಾಠಿ ಅಷ್ಟೂ ಮರೆತುಹೋಯಿತು. ಎರಡೇ ವಾಕ್ಯ ಉಳಿದವು. "ಚೂಕ ತ್ಯಾಂಚೀ ನವ್ಹತೀ. ಚೂಕ ಮಾಝೀ ಹೋತೀ." ತಪ್ಪು ಅವರದ್ದಲ್ಲ, ತಪ್ಪು ನನ್ನದು. ಡ್ರೈವರ್ ಟ್ಯಾಬಿನ ಗಾಜನ್ನು ಅಂಗಿಯ ತೋಳಿನಿಂದ ಒರೆಸುತ್ತ ಕೂತ. ಆಮೇಲೆ ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಕೇಳಿದಳು, "ಮಗ ಕಾಯಂಚ್ಯಾ ಯಾದೀತ ನಾವ ಕಧೀ ಯೇಣಾರ?" ಹಾಗಾದರೆ ಖಾಯಂ ಪಟ್ಟಿಯಲ್ಲಿ ಹೆಸರು ಯಾವಾಗ ಬರುತ್ತದೆ?

ಅದೇ ಎರಡು ವಾಕ್ಯವನ್ನು ಇನ್ನೊಮ್ಮೆ ಹೇಳಿದೆ. ಇಳಿದೆ. ಸುನಂದಾತಾಯಿ ಹತ್ತುವಾಗ ನನ್ನ ಭುಜವನ್ನು ಒಮ್ಮೆ ಮುಟ್ಟಿದರು. ಅದು ಕ್ಷಮೆಯೋ, ದಾರಿ ಬಿಡು ಎಂದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಕೆಲಸ ಖಾಯಂ ಆಯಿತು. ಸೂಕ್ಷ್ಮ ದೋಷವೊಂದನ್ನು ಸ್ಥಳಕ್ಕೇ ಹೋಗಿ ಪತ್ತೆಹಚ್ಚಿದ್ದಕ್ಕೆ ಅಭಿನಂದನೆ ಎಂದು ಪತ್ರದಲ್ಲಿತ್ತು. ಅದನ್ನು ಅಮ್ಮನಿಗೆ ಓದಿ ಹೇಳುವಾಗ ಆ ಸಾಲನ್ನು ಬಿಟ್ಟುಬಿಟ್ಟೆ. ಮರುವರ್ಷ ನಾನು ಬೇರೆ ಕಂಪನಿ ಸೇರಿದೆ, ಗಿರಿಜಕ್ಕನೂ ಕೆಲಸ ಬಿಟ್ಟರು. ಆ ಕಾರ್ಖಾನೆಯಲ್ಲಿ ಮುಂದೇನಾಯಿತೆಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಹೊಸ ಕಂಪನಿಯಲ್ಲಿ ಯಾವ ಆ್ಯಪು ಕೈಗೆ ಬಂದರೂ ಮೊದಲು ಕೇಳುವುದು ಇದನ್ನು ಬಳಸುವವರು ಎಷ್ಟು ಗಂಟೆಗೆ ಬಳಸುತ್ತಾರೆ ಎಂದು. ಜೊತೆಯವರು ಇದೇನು ಪ್ರಶ್ನೆ ಎಂಬಂತೆ ನೋಡುತ್ತಾರೆ.

ಹೋದ ಆಷಾಢದ ಆ ಬೆಳಿಗ್ಗೆ ಬಸ್ಸು ಐದು ಗಂಟೆ ಆರು ನಿಮಿಷಕ್ಕೆ ಬಂತು. ಡ್ರೈವರ್ ಹೊಸಬ. ಕಿಟಕಿಗಳೆಲ್ಲ ಮಂಜಾಗಿ ಒಳಗೆ ಸ್ಕಾರ್ಫು ಸುತ್ತಿದ ತಲೆಗಳಷ್ಟೇ ಕಾಣುತ್ತಿದ್ದವು. ಬಾಗಿಲ ಹತ್ತಿರ ಹೋಗಿ ಸುನಂದಾತಾಯಿ ಬರುತ್ತಾರಾ ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿಯೇಬಿಟ್ಟೆ. ಅವನು ಟ್ಯಾಬು ನೋಡಿದ.

"ಆಜಚ್ಯಾ ಯಾದೀತ ನಾವ ನಾಹೀ."

ಇವತ್ತಿನ ಪಟ್ಟಿಯಲ್ಲಿ ಹೆಸರಿಲ್ಲ. ಖಾಯಂ ಆದವರ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ, ಅವರು ಕಾರ್ಡು ತೋರಿಸಿ ಹತ್ತುತ್ತಾರೆ. ಇವತ್ತು ಕರೆ ಬಾರದ ಬದಲಿಯವರ ಹೆಸರೂ ಇರುವುದಿಲ್ಲ. ಕೆಲಸ ಬಿಟ್ಟವರದೂ ಇರುವುದಿಲ್ಲ. ಯಾವುದು ಎಂದು ಕೇಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತು, ಬಸ್ಸು ಘಾಟಿನ ಕಡೆ ಹೋಯಿತು. ಅಂಗಡಿಯವನು ಇನ್ನೊಂದು ಚಹಾ ಕೊಡಲಾ ಎಂದ. ಕೊಡು ಎಂದೆ. ಐದೂವರೆಯವರೆಗೂ ಅಲ್ಲೇ ನಿಂತಿದ್ದೆ.